ಗೋಡೆಯ ಜ್ವರ

ಟಿಕೆಟ್ಟಿಗೆ ಹದಿನೆಂಟು ಪೌಂಡು. ಅರವತ್ತು ದಾಟಿದವರಿಗೂ
ರಿಯಾಯಿತಿ ಇಲ್ಲವಂತೆ, ಎಂದು ಗೊಣಗುತ್ತಲೇ
ಬೂಟು ಒರೆಸಿಕೊಂಡಳು ನನ್ನ ನಾದಿನಿ ಗ್ಲೆನಿಸ್,
ಎಲ್ಮ್‌ಸ್ಕಾರ್ ಹಾಲಿನ ಹೊಸ್ತಿಲಲ್ಲಿ.

ಒಳಗೆ ಪರದೆ ಇಳಿಬಿಟ್ಟ ಕತ್ತಲು.
ಬಿಸಿಲು ಬಿದ್ದರೆ ರೇಷ್ಮೆ ಸವೆಯುತ್ತದಂತೆ.
ಪ್ರತಿ ಕುರ್ಚಿಯ ಮೇಲೂ ಒಂದೊಂದು ಒಣ ಮುಳ್ಳುಹೂ:
ಕೂರಬೇಡಿ ಅನ್ನುವುದನ್ನು ಇಷ್ಟು ಸಭ್ಯವಾಗಿ
ಚುಚ್ಚಿ ಹೇಳಬಲ್ಲವರು ನಾವು ಮಾತ್ರ.

ಊಟದ ಮೇಜಿಗೆ ಇಪ್ಪತ್ತನಾಲ್ಕು ತಟ್ಟೆ, ಉಣ್ಣುವವರಿಲ್ಲ.
ನಡುವೆ ಬೆಳ್ಳಿ ಬಟ್ಟಲಲ್ಲಿ ಪೀಚ್ ಹಣ್ಣುಗಳ ರಾಶಿ.
"ಮೇಣದವು," ಎಂದರು ಕೋಣೆ ಕಾಯುವ ಮಿಸೆಸ್ ಪಿಕರ್ಸ್‌ಗಿಲ್,
ಕೊರಳಲ್ಲಿ ಹೆಸರಿನ ಬಿಲ್ಲೆ, ವಾರಕ್ಕೆರಡು ದಿನ, ಸಂಬಳವಿಲ್ಲದ ಕೆಲಸ.
"ನಿಜವಾದದ್ದನ್ನು ಮೇ ತಿಂಗಳಲ್ಲೇ ತಿನ್ನುತ್ತಿದ್ದರು ಇವರು,
ಯಾರ್ಕ್‌ಶೈರಿನ ಈ ಚಳಿಯಲ್ಲಿ!"
ತಾನೇ ಬಡಿಸಿದಷ್ಟು ಹೆಮ್ಮೆ ದನಿಯಲ್ಲಿ.

ಅದು ಹೇಗೆ, ಎಂದು ಗ್ಲೆನಿಸ್ ಕೇಳಿದಳು.
ನಾನು ಕೇಳಲಿಲ್ಲ.

ನನ್ನಜ್ಜ ಈನಕ್ ಪೀಚ್ ಮುಟ್ಟುತ್ತಿರಲಿಲ್ಲ.
ಕ್ರಿಸ್‌ಮಸ್ಸಿಗೆ ಡಬ್ಬಿ ಒಡೆದು ಎಲ್ಲರಿಗೂ ಹಂಚುವಾಗ
ತನ್ನ ಬಟ್ಟಲು ಬೋರಲು ಹಾಕಿ ಕಿಟಕಿಯತ್ತ ತಿರುಗುತ್ತಿದ್ದ.
ನಲವತ್ತು ವರ್ಷ ಗಣಿಯಲ್ಲಿ ಕಲ್ಲಿದ್ದಲು ಕಡಿದ ಮನುಷ್ಯ
ರಾತ್ರಿ ಎರಡಕ್ಕೆ ಎದ್ದು
ಮೆಟ್ಟಿಲ ಪಕ್ಕದ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದ,
ಕೂಸಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ.
"ಅರುಳುಮರುಳು," ಅನ್ನುತ್ತಿದ್ದಳು ಅಮ್ಮ,
ಶಾಲು ಹೊದಿಸಿ ಹಾಸಿಗೆಗೆ ಕರೆದೊಯ್ಯುತ್ತಿದ್ದಳು.
ಎಪ್ಪತ್ತರಲ್ಲಿ ಸರಿ. ಆದರೆ ಅಜ್ಜಿ ಹೇಳುತ್ತಿದ್ದಳು:
ಮದುವೆಯಾದ ಮೊದಲ ರಾತ್ರಿಯೂ ಎದ್ದಿದ್ದ,
ಎರಡಕ್ಕೇ.

ತೋಟದಲ್ಲಿ ಪ್ರತಿ ಗುಲಾಬಿಗೂ ಒಂದು ಹೆಸರು,
ತಗಡಿನ ಚೀಟಿ, ತಂದವರು ಯಾರು, ತಂದ ವರ್ಷ ಯಾವುದು.
ದೂರದಲ್ಲಿ ಕುರಿ ಹಿಂಡು. ಅವು ಹತ್ತಿರ ಬಾರದಂತೆ
ತೋಡಿದ ಹಳ್ಳವೊಂದಿದೆ, ಮನೆಯ ಕಿಟಕಿಗಳಿಗೆ ಕಾಣದಂತೆ.
ಗ್ಲೆನಿಸ್ ಫೋಟೋ ತೆಗೆದಳು.
ಹಳ್ಳ ಫೋಟೋದಲ್ಲೂ ಬೀಳಲಿಲ್ಲ.

ತರಕಾರಿ ತೋಟ ಹಿತ್ತಲಿಗೆ, ಎತ್ತರದ ಇಟ್ಟಿಗೆ ಗೋಡೆಯೊಳಗೆ.
ಗೋಡೆಗೂ ಕಿವಿ ಅನ್ನುತ್ತಾರೆ. ಈ ಗೋಡೆಗೆ ಹೊಟ್ಟೆಯಿತ್ತು:
ಒಳಗೆಲ್ಲ ಪೊಳ್ಳು, ಕರುಳಿನಂತೆ ಸುತ್ತುವ ಹೊಗೆದಾರಿ,
ನೆರಳಿನ ಬದಿಗೆ ಮೊಳದೆತ್ತರದ ನಾಲ್ಕು ಕಬ್ಬಿಣದ ಬಾಗಿಲು.
ಬಿಸಿಲಿನ ಬದಿಗೆ, ಕೈ ಚಾಚಿ ಶಿಲುಬೆಗೇರಿದಂತೆ, ಪೀಚ್ ಮರಗಳು.
ಫಲಕದಲ್ಲಿ ಒಂದೇ ಸಾಲು:
"ಹಿಮದ ರಾತ್ರಿಗಳಲ್ಲಿ ಹುಡುಗನೊಬ್ಬ ಬೆಂಕಿ ಕಾಯುತ್ತಿದ್ದ."

ಹುಡುಗನೊಬ್ಬ.
ಗುಲಾಬಿಗಿರುವಷ್ಟೂ ಅಕ್ಷರ ಇಲ್ಲ.

ಹನ್ನೆರಡು ವರ್ಷ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರಬೇಕು.
ಹೆಚ್ಚು ಉರಿಸಿದರೆ ಹೂ ಬಾಡುತ್ತದೆ, ಕಡಿಮೆಯಾದರೆ ಸೆಟೆಯುತ್ತದೆ.
ಥರ್ಮಾಮೀಟರು ಯಜಮಾನರ ಮಕ್ಕಳಿಗೆ; ಗೋಡೆಗೆ ಇವನ ಅಂಗೈ.
ಒಂದು ಮಾರ್ಚಿನಲ್ಲಿ, ಒಂದೇ ಒಂದು ರಾತ್ರಿ, ರೆಪ್ಪೆ ಕೂಡಿತು.
ಬೆಳಗಿಗೆ ಇಟ್ಟಿಗೆ ತಣ್ಣಗೆ, ಹೂವೆಲ್ಲ ಕಪ್ಪು,
ಮಧ್ಯಾಹ್ನದೊಳಗೆ ಅವನು ಗೇಟಿನಾಚೆ, ಗಂಟು ಹೊತ್ತು.

ಇದನ್ನು ಅವನು ಹೇಳಿದ್ದಲ್ಲ. ಸತ್ತ ಮೇಲೆ
ತಂಬಾಕಿನ ಡಬ್ಬಿಯಲ್ಲಿ ಸಿಕ್ಕ ಚೀಟಿ ಹೇಳಿದ್ದು,
ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದದ್ದು:
"ಈ. ಓಲ್ಡ್‌ರಾಯ್ಡ್. ನಿದ್ದೆ ಹೋದದ್ದಕ್ಕೆ ವಜಾ.
ವಾರದ ಕೂಲಿ ಹಿಡಿದಿದೆ."

ಮನೆಯೊಳಗೆ ಎಲ್ಲ ಕಡೆ ಮುಟ್ಟಬೇಡಿ.
ಇಲ್ಲಿ ಹಲಗೆಯೂ ಇಲ್ಲ, ಮುಳ್ಳುಹೂವೂ ಇಲ್ಲ.
ಅಂಗೈ ಇಟ್ಟೆ.
ಬೆಚ್ಚಗಿತ್ತು.

ಜೂನ್ ತಿಂಗಳ ಬಿಸಿಲು, ಅಷ್ಟೆ. ಯಾರೂ ಕಾದದ್ದಲ್ಲ.
ಗೊತ್ತಿದ್ದೂ ಕೈ ತೆಗೆಯಲಾಗಲಿಲ್ಲ.

"ಟೀ ಅಂಗಡಿ ನಾಲ್ಕೂವರೆಗೆ ಮುಚ್ತಾರೆ," ಎಂದಳು ಗ್ಲೆನಿಸ್,
"ಆ ಗೋಡೆಯಲ್ಲೇನು ಇಟ್ಟಿದ್ದೀಯಾ?"

ನೀನು ನಡಿ, ಮೇಜು ಹಿಡಿದಿರು, ಎಂದೆ.
ಇದನ್ನು ನಾನು ನೋಡಿಕೊಳ್ತೀನಿ.
ಅವನು ಸ್ವಲ್ಪ ಮಲಗಲಿ.