ದನಿ ತೆಗೆದ ಮೇಲೆ

ಪುಣೆಯಿಂದ ಬಂದ ಕನ್ನಡ ಪುಸ್ತಕದ ಮೂಲೆಗೆ
ಇರುವೆ ಹಿಂಡು ಒಣಗಿ ಅಂಟಿದಂಥ ಕಪ್ಪು ಚೌಕ.
ಫೋನು ಹಿಡಿದರೆ ಬೀಜ ಮೊಳೆಯುತ್ತದೆ,
ಮರಾಠಿಯಲ್ಲಿ.

ಮರಾಠಿ ನಮಗೇನು ಹೊರಗಿನದಲ್ಲ.
ದುಧನಿ ಸಂತೆಯಲ್ಲಿ, ಅಕ್ಕಲಕೋಟದ ಎಸ್‌ಟಿಯಲ್ಲಿ, ತಲಾಠಿಯ ಎದುರು
ನಾಲಿಗೆ ತಾನೇ ಮಗ್ಗುಲು ಬದಲಿಸುತ್ತದೆ.
ಆದರೂ ನಾಲ್ಕನೇ ಇಯತ್ತೆಯ ಹನ್ನೊಂದು ಮಂದಿ
ಆ ಸಕ್ಕರೆ ದನಿಯೆದುರು
ಕರೆಯದ ಮದುವೆಯ ಪಂಕ್ತಿಯಲ್ಲಿ ಕೂತಂತೆ ಕೂತಿದ್ದರು.

ಬೆರಳು ತಪ್ಪಿತೋ, ನಾನೇ ಒತ್ತಿದೆನೋ,
ದನಿ ಹೋಯಿತು.
ಚರಿಗೆಗೆ ಒರಗಿಸಿಟ್ಟ ಗಾಜಿನೊಳಗೆ
ಬೀಜ ಒಂದೇ ಉಬ್ಬುತ್ತಿತ್ತು.

‘ಈಗ ನೀವು ಹೇಳ್ರಿ. ಅದು ಏನಂತದ?’

ರೇವಣಸಿದ್ದ ಎದ್ದು ಕೈ ಕಟ್ಟಿದ:
‘ಬೀಜವು ತೇವಾಂಶವನ್ನು ಹೀರಿಕೊಳ್ಳುತ್ತದೆ.’
ಆ ‘ಉತ್ತದೆ’ಗೆ ಇಸ್ತ್ರಿ ಬಿದ್ದಿತ್ತು.
‘ಇಲ್ರೀ ಸರ, ಹೊಟ್ಟಿ ಉಬ್ಬೇದ ಅದಕ್ಕ’ ಎಂದ ಮಶಾಕ.
ನಕ್ಕರು. ಬಾಗಿಲಲ್ಲಿದ್ದ ಆಡು ಕೂಡ ಒಳಗೆ ಇಣುಕಿತು.

ಆಗ ಮಾಳವ್ವ,
ಕಬ್ಬಿನ ಟೋಳಿಯ ಜತೆ ಹೋಗಿ
ದೀಪಾವಳಿಗೆ ಇಟ್ಟ ಪಾಟಿಯನ್ನು ಯುಗಾದಿಗೆ ಹಿಡಿದವಳು,
ಹಾಜರಿಗೂ ಕೈಯಷ್ಟೇ ಎತ್ತುವವಳು,
ಹತ್ತಿರ ಬಂದಳು. ನನ್ನ ಹತ್ತಿರವಲ್ಲ, ಫೋನಿನ ಹತ್ತಿರ.
ಬೀಜದ ಕಿವಿಗೆ ಅನ್ನುವಂತೆ ಅಂದಳು:

‘ತಡೀ ಯವ್ವಾ, ಎಳೀಬ್ಯಾಡ.
ಮದಲ ಕಾಲ ಇಡತೀನಿ.
ತೆಲಿ ಆಮ್ಯಾಗ.’

ನೋಡುತ್ತಿದ್ದಂತೆ ಬೇರು ಇಳಿಯಿತು.
ತಲೆ ಆಮೇಲೆ.

ಇನ್ನೊಮ್ಮೆ ಅನ್ನವ್ವಾ, ಹಿಡಿದಿಡೋಣ ಎಂದರೆ
ಫೋನು ಜಾಗವಿಲ್ಲ ಎಂದಿತು.
ಜಿಲ್ಲಾ ಪರಿಷತ್ತಿನ ಮೂವತ್ತೆಂಟು ಆದೇಶ,
ಷಡ್ಡಕನ ಮನೆಯ ವಾಸ್ತುಶಾಂತಿ, ಅಳಿಸಿದೆ.
ಎಲ್ಲರೆದುರು ಒಲ್ಲೆ ಎಂದವಳು
ಬೋರಿಂಗಿನ ಹಿಂದೆ ಫೋನು ಒಯ್ದು
ಹತ್ತೊಂಬತ್ತು ಸೆಕೆಂಡು ತಂದಳು.
ಹನ್ನೆರಡರ ತನಕ ಹಿಡಿಕೆಯ ಕಿರ್ರು,
ಖಿಚಡಿಯ ಬಾಯಿ ಯಾರನ್ನೋ ಬೈಯುವುದು,
ಒಂದು ಉಸಿರು.
ಅದನ್ನು ಕತ್ತರಿಸಲು ನನಗೆ ಬರುವುದಿಲ್ಲ.

ಕೇಂದ್ರಪ್ರಮುಖರು ಬಂದು ಯಾವ ಆ್ಯಪ್ ಎಂದರು.
ದನಿ ದೊಡ್ಡದಾಗಲೆಂದು ಫೋನನ್ನು ಚರಿಗೆಯೊಳಗೆ ಇಳಿಸಿದೆ.
ಎರಡು ಸಲ ಕೇಳಿ, ಪೆನ್ನು ತೆಗೆದು,
ಖಾನೆ ಖಾಲಿ ಬಿಡುವಂತಿಲ್ಲ ಎಂದರು.
‘ಚರಿಗೆ’ ಎಂದು ಬರೆಸಿದೆ.

ದೀಪಾವಳಿ ಮುಗಿದು ಮತ್ತೆ ಟೋಳಿ ಹೋಗಿದೆ.
ಕರಾಡದ ಕಡೆ ಎಲ್ಲೋ, ಬೆಳಗಿನ ನಾಲ್ಕಕ್ಕೆ
ಗಾಡಿ ತುಂಬುತ್ತಾರಂತೆ.
ಅವಳ ಅಪ್ಪನ ನಂಬರಿಗೆ
ಮುಂದಿನ ಪಾಠ ಕಳಿಸಿದ್ದೇನೆ: ಕಪ್ಪೆ.
ದನಿ ತೆಗೆದು.

ಎರಡು ಗೀಟು ನೀಲಿಯಾಗಿವೆ.