ನಂಬರ್ ಹೇಳು

ಶೇಕ್ಷಾವಲಿ ಸಾಬರ ಫೋನು ನೀಲಿ ಬಣ್ಣದ ತೊಟ್ಟಿಗೆ ಬಿದ್ದ ವಾರ
ಲೆಕ್ಕದ ಹುಡುಗ ಬಂದ. ಎಲ್ಲರ ಫೋನೂ ತಿರುವಿ ನೋಡಿ
"ಈಕಿದ್ರಾಗ ಜಾಗ ಐತಿ" ಅಂದ.
ಕಂಪ್ಯೂಟರಿನಲ್ಲಿ, ಸಕ್ಕರೆಗೆ ಇರುವೆ ಮುತ್ತಿದಂಥ ಒಂದು ಚೌಕ.
ಅದರೆದುರು ನನ್ನ ಫೋನು ಹಿಡಿಸಿದ.
ಟಿಣ್ ಅಂತು. ಅಷ್ಟೇ.

ಅವತ್ತಿನಿಂದ ಕೌಲ್ ಬಜಾರಿನ ನಮ್ಮ ಜೀನ್ಸ್ ಅಂಗಡಿಗೆ
ಎರಡು ಕೀಲಿ.
ಒಂದು ಪಾಸ್‌ವರ್ಡು, ಸಾಬರ ತಲೆಯೊಳಗೆ.
ಇನ್ನೊಂದು, ದಾರದ ಚೂರು ಕತ್ತರಿಸುವ ನನ್ನ
ಎಲೆ ಚೀಲದಲ್ಲಿ, ಸುಣ್ಣದ ಡಬ್ಬಿಗೆ ಒತ್ತಿಕೊಂಡು.

ಎಂಟು ವರ್ಷ ನಾನು "ಏ ದಾರದಾಕಿ."
ಈಗ ಮುಂಜಾನೆ ಹತ್ತಕ್ಕೆ, ಮಿಷನ್ನುಗಳ ಗದ್ದಲದ ಮೇಲೆ ಹಾದು
"ಎರ್ರೆಮ್ಮಾ, ನಂಬರ್ ಹೇಳು."

ನಾಲ್ಕು. ಒಂದು. ಸೊನ್ನೆ.
ಸಾಬರು ಒಂದೇ ಬೆರಳಲ್ಲಿ ಒತ್ತುತ್ತಾರೆ.
ಪಕ್ಕದ ಸಣ್ಣ ಚಕ್ರ ಸೋಪಿನ ಬಿಲ್ಲೆಯಂತೆ ಸವೆಯುತ್ತದೆ.
"ಹೋಯ್ತೇನು?"
"ಹೋಯ್ತು. ಅವಸರ ಬ್ಯಾಡ್ರಿ, ಇನ್ನೊಂದು ಬಂತು."

ಹುಡುಗ ಹೇಳಿದ್ದ: ದಿನಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು.
ನಾನು ಕತ್ತರಿ ಆಡಿಸುವ ಪ್ಯಾಂಟು ಇನ್ನೂರು ದಾಟುವುದಿಲ್ಲ.
ರಾತ್ರಿ ದಿಂಬಿನ ಕೆಳಗೆ ಯಾರೂ ಕೇಳದ ನಂಬರುಗಳು
ಹುಟ್ಟಿ ಹುಟ್ಟಿ ಸಾಯುತ್ತವೆ ಅಂತ
ಒಮ್ಮೊಮ್ಮೆ ಎಚ್ಚರಾಗುತ್ತದೆ.

ಒಂದು ಮಾತು ಹೇಳಬೇಕು.
ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟು ಒಪ್ಪುವುದಿಲ್ಲ.
ಒರೆಸು ಅನ್ನುತ್ತಾರೆ, ಒರೆಸುತ್ತೇನೆ.
ಕತ್ತರಿ ತಿಂದ ಗೆರೆ, ನೀಲಿ ಕುಡಿದ ತೊಗಲು.
ನಾನು ನಾನೇ ಅಂತ ಆರು ಸಲ ಸುಳ್ಳಾದೆ,
ಹಿಂದಿನವರು ಗೊಣಗಿದರು.
ಅದೇ ನಾನು ಬಾಯಿ ಬಿಡದೆ
ಸಾಬರು ಸಾಬರಲ್ಲ, ತಮ್ಮದೇ ಅಂಗಡಿ ಮುಂದೆ.

ಒಮ್ಮೆ ಯಾರೋ ಹಿಂದಿಯಲ್ಲಿ ಫೋನು ಮಾಡಿದ,
ಮೇಡಂ ಅಂದ, ಆಫೀಸಿನವನಂತೆ, ನಂಬರು ಬೇಕಂತೆ.
ಮೇಡಂ!
ಬಾಯೊಳಗಿನ ಎಲೆ ಅಗಿಯುತ್ತ ಕೂತೆ,
ಆರೂ ಅಂಕಿ ಸಾಯುವ ತನಕ. ಆಮೇಲೆ ಉಗಿದೆ.

ತಂಗಿಯ ಬಾಣಂತನಕ್ಕೆ ಹಗರಿ ದಂಡೆಯ ಹಳ್ಳಿಗೆ ಹೋದೆ.
ಟವರ್ ಇಲ್ಲ. ನಂಬರು ಮಾತ್ರ ತಪ್ಪದೆ ಬರುತ್ತಿತ್ತು,
ಕೇಳುವವರ ದನಿ ಬರುತ್ತಿರಲಿಲ್ಲ.
ಮೂರನೆಯ ದಿನ ಜಾಲಿ ಗಿಡದ ದಿಬ್ಬ ಹತ್ತಿ ನಿಂತಾಗ
ಹನ್ನೊಂದು ಮಿಸ್ಡ್ ಕಾಲು.
ಹದಿನಾಲ್ಕು ಗಂಟು ಮಾಲು ಅಲ್ಲೇ ಕೊಳೆಯುತ್ತಿತ್ತು.

ಬಂದ ದಿನ ಸಾಬರು ಬೈಯಲಿಲ್ಲ.
ಹೊಸ ಫೋನು ತಂದಿದ್ದರು.
ಹುಡುಗ ಇರುವೆಗಳನ್ನು ಆ ಕಡೆ ಸಾಗಿಸಿದ.
ನನ್ನದರಲ್ಲಿ "ಅಳಿಸಲೇ?" ಅಂತ ಕೇಳಿತು.
ಒತ್ತಿದೆ. ಆಗ ಮಾತ್ರ ನನ್ನ ಹೆಬ್ಬೆಟ್ಟು
ಒಂದೇ ಸಲಕ್ಕೆ ನಡೆಯಿತು.

ಮರುದಿನ ಹತ್ತಕ್ಕೆ
"ಎರ್ರೆಮ್ಮಾ" ಅಂದರು ಸಾಬರು, ಬಾಯಿಗೆ ಬಂದಂತೆ.
ಕತ್ತರಿ ನಿಲ್ಲಿಸಿದೆ.
ಮುಂದೇನು ಕೇಳಬೇಕೋ ತಿಳಿಯದೆ ನಿಂತು
"ಚಾ ಕುಡಿದ್ಯಾ?" ಅಂದರು.

ಇನ್ನೂ ಇಲ್ರಿ, ಅಂದೆ.