ಮೈ ಮುರಿಯದ ಲಾರಿ

ಹಕೊದಾತೆಯಲ್ಲಿ ಟ್ರಾಮ್ ಓಡಿಸುವ ಇಸೊಬೆ ಚಿಜುರು
ಕೊನೆಯ ಸರದಿ ಮುಗಿಸಿ, ಬೂಟಿನ ಹಿಮ ಕೊಡವಿ
ಮೊದಲು ನೋಡುವುದು ಕಿಟಕಿಯ ಪರದೆ:
ಬಿಸಿಲು ತಾಗಿದರೆ ಬಿಳಿ ಪ್ಲಾಸ್ಟಿಕ್ಕು
ಮುದಿ ಹಲ್ಲಿನ ಹಾಗೆ ಹಳದಿ.

ಕಪಾಟಿನಲ್ಲಿ ನಲವತ್ತೊಂದು ಮಂದಿ.
ವಿಮಾನವಾಗಿ ಮಲಗಿದವರು,
ಕ್ಯಾಸೆಟ್ಟಾಗಿ ಮಡಚಿಕೊಂಡವರು,
ಎಡ ಮುಷ್ಟಿ ಕಳಕೊಂಡವನೊಬ್ಬ.
ಅವನಿಗಾಗಿ ಒಸಾಕಾಕ್ಕೆ ಹೋಗಿ
ಬಿಡಿಭಾಗದ ಚೀಲ ತಂದು ಸುರುವಿದಳು.
ಸಿಕ್ಕಿದ್ದು ಬಲಗೈಯದು. ಅದನ್ನೇ ಸಿಕ್ಕಿಸಿದಳು.
ಈಗವನಿಗೆ ಎರಡೂ ಬಲಗೈ.

ಚಹಾ ಆರುವ ತನಕ
ಒಬ್ಬೊಬ್ಬರನ್ನೇ ಇಳಿಸಿ ತಿರುಚುತ್ತಾಳೆ.
ಕಟಕ್, ಬಾಗಿಲು ತೋಳಾಯಿತು.
ಕಟಕ್, ಗಾಲಿ ಮಂಡಿಯಾಯಿತು.
ಕಟಕ್,
ಬಾನೆಟ್ಟಿನಡಿಯಿಂದ ಒಂದು ಮುಖ.
ಹಗಲಿಡೀ ಟ್ರಾಮು ಟ್ರಾಮೇ ಆಗಿರುತ್ತದಲ್ಲ,
ಹಳಿ ಬಿಟ್ಟು ಒಂದು ಬೆರಳೂ ಎತ್ತದೆ.

ಒಬ್ಬನನ್ನು ಮಾತ್ರ ತಿರುಚಳು.
ಹೊನ್ನಬಣ್ಣದ ಪುಡಿ ಬೆರೆಸಿ ಎರೆದ ಲಾರಿ;
ಆ ಹೊಳಪಿಗೆ ವಯಸ್ಸಾದರೆ ಒಳಗೆಲ್ಲ ಬಿಸ್ಕತ್ತು.
ಉಳಿದವರು ಮೈಮುರಿದು ಏಳುತ್ತಾರೆ,
ಇವನು ಮೈ ಮುರಿದರೆ
ಮುರಿದೇ ಹೋದ.

ಅವನ ಕಣ್ಣು ನೀಲಿ, ಎನ್ನುತ್ತಾನೆ
ಚಿಕ್ಕಂದಿನಲ್ಲಿ ಒಮ್ಮೆ ಎಬ್ಬಿಸಿ ನೋಡಿದ ಅಣ್ಣ ಮಿತ್ಸುಹಾರು.
ಡಬ್ಬಿಯ ಚಿತ್ರದಲ್ಲಿ ಕೆಂಪು, ಎನ್ನುತ್ತಾಳೆ ಇವಳು.
ಪ್ರತಿ ಹೊಸ ವರ್ಷ ಫೋನಿನಲ್ಲಿ ಇದೇ ಜಗಳ,
ಬೇರೆ ಮಾತು ಇಬ್ಬರಿಗೂ ಬಾರದು.

ಒಂದು ಕೀಲು ಎತ್ತಿದರೆ ಸಾಕು, ತೀರ್ಮಾನ.
ಆಮೇಲೆ ಅವನು ಯಾವ ನೆಪಕ್ಕೆ ಕರೆದಾನು?

ಮೆತ್ತನೆ ಬ್ರಷ್ಷಿನಲ್ಲಿ ಧೂಳು ಸವರಿ
ಲಾರಿಯನ್ನು ಲಾರಿಯಾಗಿಯೇ ನಿಲ್ಲಿಸುತ್ತಾಳೆ,
ಕಿಟಕಿಗೆ ಬೆನ್ನು ಮಾಡಿ.